ಫಲಕದಿಂದ ಕೆರೆದ ಹೆಸರು

ತಂಗಿ ಸೆನೇಸಿಗೆ, ಬಿಷಪ್ ಸೆರಾಪಮ್ಮೋನನ ಆಶೀರ್ವಾದ.

ನಿನ್ನನ್ನು ಬೈಯಲೆಂದೇ ಈ ಪತ್ರ ಬರೆಯಲು ಕುಳಿತಿದ್ದೆ. ಸುಳ್ಳು ಬೋಧನೆ ಮಾಡಿದನೆಂದು ನಮ್ಮ ತಮ್ಮ ಪಮೂನನನ್ನು ಮರುಭೂಮಿಗೆ ಗಡೀಪಾರು ಮಾಡಿಸಿದವನು ನಾನು. ಅವನು ಅಲ್ಲೇ ಸತ್ತ ಮೇಲೆ, ಪೂಜೆಯಲ್ಲಿ ಓದುವ ಮೃತರ ಫಲಕದಲ್ಲಿ ಅಮ್ಮನ ಹೆಸರಿನ ಕೆಳಗೆ ಯಾರೋ ಅವನ ಹೆಸರು ಬರೆದಿದ್ದರು. ಅದನ್ನೂ ನಾನೇ ಕೆರೆದು ಹಾಕಿದೆ. ಆದರೂ ಪ್ರತಿ ಭಾನುವಾರ ಅಮ್ಮನ ಹೆಸರು ಓದಿದೊಡನೆ ಯಾರೋ ಮೆಲ್ಲಗೆ “ಪಮೂನ” ಎನ್ನುವುದು ಕೇಳಿಸುತ್ತದೆ. ನೀನೇ ಇರಬೇಕೆಂದುಕೊಂಡೆ.

ಫಲಕ ಓದುವ ಉಪಯಾಜಕನನ್ನು ಕೇಳಿದೆ. “ನಿಮ್ಮ ತಂಗಿ ಖರ್ಜೂರದ ಕೊಯ್ಲಾದ್ಮೇಲೆ ಈ ಕಡೆ ತಲೆನೇ ಹಾಕಿಲ್ಲ ಸ್ವಾಮಿ. ಹೇಳ್ತಿರೋದು ನೀವೇ,” ಎಂದ.

ಬರುವ ಭಾನುವಾರ ಬಾ. ಹೆಂಗಸರ ಸಾಲಿನಲ್ಲಿ ಮುಂದೆ ನಿಲ್ಲು. ನನ್ನ ತುಟಿ ಅಲುಗಿದರೆ ಒಮ್ಮೆ ಕೆಮ್ಮು, ನಿಲ್ಲಿಸುತ್ತೇನೆ.

ಬೇಡ, ಕೆಮ್ಮಬೇಡ.

ಪಮೂನನ ಅಣ್ಣ,
ಸೆರಾಪಮ್ಮೋನ