ಸೋಮವಾರದ ಒಪ್ಪತ್ತು

ನಾ ಸುಮ್ಮನ ಕುಂದ್ರಲಿಲ್ಲ ಬಾಳವ್ವ, ಇವತ್ತ ಸಾಲಿಗೆ ಹೋಗೇ ಬಂದೆ. ನೀ ತೀರಿಕೊಂಡ ಮ್ಯಾಲೆ ನಮ್ಮ ಮೊಮ್ಮಗಳು ಸೃಷ್ಟಿ ನಿನ್ನಂಗ ಸೋಮವಾರ ಒಪ್ಪತ್ತು ಹಿಡದಳು. ಈಗ ದಿನಾ ಉಣ್ಣೂದನ್ನೇ ಬಿಟ್ಟಾಳ. ಭಕ್ತಿ ಅನ್ಕೊಂಡು ನಾ ಮಂದಿ ಮುಂದ ಹೊಗಳಿದೆ. ಖರೇ ಕಾರಣ ಕ್ಲಾಸಿನ ಗ್ವಾಡಿ ಮ್ಯಾಲಿತ್ತು: ಹುಡುಗ್ಯಾರ ಹೆಸರು, ಹೆಸರಿನ ಮುಂದ ತೂಕ.

“ಅಜ್ಜಾರ, ಇದು ಆರೋಗ್ಯದ ಸಲುವಾಗಿ ರೀ” ಅಂದ್ರು ಹೆಡ್ ಮೇಡಂ.

ನಾ ಎದ್ದು ನಿಂತು “ಮೇಡಂ, ಐ ಆಬ್ಜೆಕ್ಟ್” ಅಂದೆ. ಮುಂದಿನ ಇಂಗ್ಲಿಷು ಬಿ.ಎ. ಜೋಡಿನೇ ಹೋಗೇತಿ, ಕನ್ನಡದಾಗ ಹೇಳಿದೆ: “ಹಂಗಾರ ಮೊದಲ ನಿಮ್ಮ ತೂಕ ಬರೀರಿ. ಕೆಳಗ ನಂದೂ ಬರೀರಿ, ಎಂಬತ್ತೊಂದು ಕೆ.ಜಿ.”

ಮಾಸ್ತರೊಬ್ಬ ನಕ್ಕ. ಮೇಡಂ ನಗಲಿಲ್ಲ, ತಾವೇ ಎದ್ದು ಹೋಗಿ ಪಟ್ಟಿ ಹರದ್ರು. “ಸತ್ತೂರ ದವಾಖಾನಿಯಿಂದ ಡಾಕ್ಟರನ್ನ ಕರಸಿ ಉಣ್ಣೂದರ ಬಗ್ಗೆ ಮಕ್ಕಳಿಗೆ ತಿಳಿಸಿ ಹೇಳಸ್ತೇನ್ರಿ” ಅಂದ್ರು. “ಮಾಸ್ತರರನ್ನ ಮುಂದಿನ ಬೆಂಚಿನ್ಯಾಗ ಕುಂದರಸ್ರಿ” ಅಂದೆ.

ಸೃಷ್ಟಿ ಅರ್ಧ ರೊಟ್ಟಿ ಮುಂದ ಇಟ್ಕೊಂಡು ಕುಂತಾಳ. ತಿನ್ನು ಅಂದಿಲ್ಲ ನಾ; ಉಳದರ್ಧ ನನ್ನ ಮುಂದ ಇಟ್ಕೊಂಡು, ನಿನಗ ಇದನ್ನ ಬರಕೋತ ಎದರಿಗೆ ಕುಂತೇನಿ. ಇನ್ನ ಈ ಮನ್ಯಾಗ ಬಂದು ದಪ್ಪ, ತೆಳ್ಳಗ ಅಂದವರಿಗೆ ಚಾ ಇಲ್ಲ. ಬೀಗರಾದ್ರೂ ಇಲ್ಲ.

ಎಲ್ಲಾರ ಮುಂದ ನಿನ್ನ ಡುಮ್ಮಿ ಅಂತ ಕರೀತಿದ್ದವ ನಾನೇ. ನಿನ್ನ ಆ ಸೋಮವಾರಗಳು, ಬಾಳವ್ವ...

ಬೆಳಕು ಹೋಗಾಕತ್ತೇತಿ. ಅಕ್ಷರ ಕಾಣವಲ್ಲವು.