ಸುಣ್ಣ ಬಳಿದ ಗೋರಿ

ಮಹ್ದಿಯಾ,
ಅಕ್ಟೋಬರ್ ೯

ಪ್ರೀತಿಯ ಲತೀಫಣ್ಣಾ,

ಇಂಥ ಕಡಲಿನ ಮುಂದೆ ಮಲಗಿದವರು ಪುಣ್ಯವಂತರು ಎಂದೋ, ಹೆಚ್ಚುಕಡಿಮೆ ಅಂಥದೇ ಏನೋ, ಆಗಸ್ಟಿನಲ್ಲಿ ನೀನು ಹೇಳಿದ್ದೆ. ಹದಿನೈದು ದಿನಕ್ಕೆಂದು ಈ ಊರಿಗೆ ಬರುವವರೆಲ್ಲ ಅದನ್ನೇ ಹೇಳುತ್ತಾರೆ. ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆಯ ಕೆಮ್ಮು ನಿಂತಿತೇ? ಲಿಯೋನ್‌ನಲ್ಲಿ ಆಗಲೇ ಚಳಿ ಹಿಡಿದಿರಬೇಕು. ನಾನು ಚೆನ್ನಾಗಿದ್ದೇನೆ. ಅಪ್ಪ ಚೆನ್ನಾಗಿಲ್ಲ, ಈ ಚಳಿಗಾಲ ದಾಟುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ.

ಹೋಟೆಲುಗಳು ಖಾಲಿಯಾಗುತ್ತಿವೆ. ಬೇಸಿಗೆಯಿಡೀ ನಸುಕಿಗೇ ಟ್ರ್ಯಾಕ್ಟರ್ ಬಂದು ದಡದ ಕಡಲಹುಲ್ಲನ್ನೆಲ್ಲ ಬಾಚಿಕೊಂಡು ಹೋಗುತ್ತಿತ್ತು, ಅತಿಥಿಗಳ ಪಾದಕ್ಕೆ ಅಸಹ್ಯವಾಗಬಾರದೆಂದು. ಹುಲ್ಲು ಹೋದ ಮೇಲೆ ಮರಳನ್ನು ಹಿಡಿದಿಡುವುದು ಯಾವುದು? ಮೊನ್ನೆಯ ಗಾಳಿಗೆ ಅರ್ಧ ದಡ ಕೊಚ್ಚಿಹೋಗಿ, ಅವರ ನೆರಳುಕೊಡೆಗಳು ಬರಿಯ ಬಂಡೆಯ ಮೇಲೆ ನಿಂತಿವೆ. ಈಗ ಲಾರಿಯಲ್ಲಿ ಬೇರೆಲ್ಲಿಂದಲೋ ಮರಳು ತಂದು ಸುರಿಯುತ್ತಾರೆ. ಮುಂದಿನ ವರ್ಷ ಜನ ಬಂದು ಅದನ್ನೇ ನಿಸರ್ಗವೆಂದು ಮೆಚ್ಚುತ್ತಾರೆ. ಆಮೇಲೆ ಭೂಶಿರದ ತುದಿಯ ನಮ್ಮ ಖಬರಸ್ತಾನಕ್ಕೆ ಹೋಗಿ, ಬಿಳಿ ಗೋರಿಗಳ ನಡುವೆ ಐಸ್‌ಕ್ರೀಂ ನೆಕ್ಕುತ್ತ ಫೋಟೋ ತೆಗೆಸಿಕೊಳ್ಳುತ್ತಾರೆ.

ನೀನೂ ತೆಗೆಸಿಕೊಂಡೆ. ಈದಿಗೆ ಮುಂಚೆ ಊರಿನವರೆಲ್ಲ ತಮ್ಮವರ ಗೋರಿಗೆ ಸುಣ್ಣ ಬಳಿಯುತ್ತಾರೆ. ನೀನು ಆಗಸ್ಟಿನ ಉರಿಬಿಸಿಲಲ್ಲಿ, ಅಪ್ಪನ ಕೈಹಿಡಿದು ಹೋಗಿ, ಅಮ್ಮನ ಗೋರಿಗೆ ಎರಡು ಸಲ ಬಳಿದು, ಅತ್ತು, ಅತ್ತ ಫೋಟೋವನ್ನು ಬಂಧುಗಳಿಗೆಲ್ಲ ಕಳಿಸಿದೆ. ನಾನು ಜೊತೆಗೆ ಬರಲಿಲ್ಲ. ಫೋಟೋಕ್ಕೆ ಅಳುವವರ ಪಕ್ಕ ನಿಲ್ಲುವುದು ನನ್ನಿಂದಾಗದು. ನೀನು ವಿಮಾನ ಹತ್ತಿದ ಮರುದಿನ ಗೋರಿ ಕಟ್ಟುವ ಹಸೂನಾ ದಾರಿಯಲ್ಲಿ ನನ್ನನ್ನು ನಿಲ್ಲಿಸಿ, "ಮೇಷ್ಟ್ರೇ, ನಿಮ್ಮಣ್ಣ ಬಳಿದಿದ್ದೇನೋ ಚೆನ್ನಾಗೇ ಬಳಿದವ್ರೆ. ಆದ್ರೆ ಪಕ್ಕದ ಮನೆಗೆ ಹೋಗಿ ಹಬ್ಬ ಮಾಡ್ದಂಗಾಯ್ತು" ಎಂದ.

ಹೌದು ಅಣ್ಣಾ. ನಮ್ಮ ಕಡೆಯ ಗೋರಿಗಳ ಮೇಲೆ ಹೆಸರಿಲ್ಲ. ಅಮ್ಮ ಇರುವುದು ಗೋಡೆಯ ಪಕ್ಕದಲ್ಲಿ, ನೀನು ಬಳಿದಲ್ಲಿಂದ ಏಳು ಗೋರಿ ಆಚೆ. ನೀನು ತಬ್ಬಿಕೊಂಡು ಅತ್ತದ್ದು ದಲಂದಾಳ ಗೋರಿ. ಮೀನು ಒಣಹಾಕುವ ಹಗ್ಗದ ಜಗಳವೆಂದು ನಮಗೆ ಹೇಳಿ, ಇಪ್ಪತ್ತು ವರ್ಷ ಅಮ್ಮ ಮಾತು ಬಿಟ್ಟಿದ್ದಳಲ್ಲ, ಎದುರುಮನೆಯ ಆ ವಿಧವೆ. ಇಷ್ಟು ದಿನ ನಾನು ಇದನ್ನು ನಿನಗೆ ಬರೆಯದೆ ಒಬ್ಬನೇ ನಗುತ್ತಿದ್ದೆ. ಊರು ಬಿಟ್ಟವನಿಗೆ ತಾಯಿಯ ಗೋರಿಯೂ ಒಂದು ಸೀನರಿಯೇ ಎಂದುಕೊಳ್ಳುತ್ತಿದ್ದೆ. ಈಗ ನಗು ಬರುತ್ತಿಲ್ಲ. ಅಪ್ಪ ಹೋದವಾರ ಹಸೂನಾನನ್ನು ಕರೆಸಿ, ದೊಡ್ಡವನು ಸುಣ್ಣ ಬಳಿದ ಗೋರಿಯ ಬಲಕ್ಕೆ ತನಗೆ ಜಾಗ ಹಿಡಿದಿಡಲು ಹೇಳಿದ್ದಾನೆ.

ಅತ್ತಿಗೆಗೆ ನನ್ನ ಸಲಾಂ, ಮಕ್ಕಳಿಗೆ ಮುತ್ತು. ದೇವರು ನಿಮ್ಮನ್ನೆಲ್ಲ ಬೆಚ್ಚಗಿಟ್ಟಿರಲಿ.

ನಿನ್ನ ತಮ್ಮ,
ಮುನ್ಸಿಫ್

ಮರೆತ ಮಾತು: ಅಂಚೆಗೆ ಹೊತ್ತಾಯಿತು, ಆದರೂ ಬರೆಯಲೇಬೇಕು. ನಿನ್ನೆ ಅಪ್ಪನನ್ನು ಖಬರಸ್ತಾನಕ್ಕೆ ಕರೆದೊಯ್ದು, ಅಣ್ಣ ತಪ್ಪು ಮಾಡಿದ, ಅಮ್ಮ ಗೋಡೆಯ ಹತ್ತಿರ ಇದ್ದಾಳೆ ಎಂದು ಬಿಡಿಸಿ ಹೇಳಿದೆ. ಅಪ್ಪ ನೀರಿನ ಕಡೆ ಮುಖ ತಿರುಗಿಸಿದ. ಆಮೇಲೆ, "ನಂಗೊತ್ತು ಕಣೋ. ಸುಣ್ಣ ಬಳಿದ ಕಡೇನೇ ಇರ್ಲಿ" ಎಂದ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ ನಿಜ. ಆದರೆ ಐವತ್ತು ವರ್ಷ ಕತ್ತಲ ನೀರಿನಲ್ಲಿ, ದೋಣಿಯಿಂದಲೇ ದಡದ ಕೋಟೆಗೂ ಮಿನಾರಿಗೂ ಕಣ್ಣಳತೆಯ ಗೆರೆ ಹೊಂದಿಸಿ ಬಲೆಯ ಜಾಗ ಹುಡುಕಿದವನು ಅವನು. ಹಸೂನಾ ಕೈಯಲ್ಲಿ ಗುದ್ದಲಿ ಹಿಡಿದು ನನ್ನ ಮಾತಿಗೆ ಕಾಯುತ್ತಿದ್ದಾನೆ. ಅದಕ್ಕೇ ಕೇಳುತ್ತೇನೆ, ಸರಿಯಾಗಿ ನೆನಪು ಮಾಡಿಕೊಂಡು ಬರೆ: ಅವತ್ತು ಖಬರಸ್ತಾನದ ಬಾಗಿಲು ದಾಟಿದ ಮೇಲೆ ಮುಂದೆ ನಡೆದದ್ದು ನೀನೋ, ಅಪ್ಪನೋ?