ಹಿಂದಿನ ಕೋಣೆಯ ನಿರ್ಮಲಾ

ತಿಪಟೂರು
12 ನವೆಂಬರ್ 2025

ಪ್ರೀತಿಯ ಸೌಂದರ್ಯಾ,

ನೀನು, ಪಾಪು, ನಿಮ್ಮತ್ತೆ ರಂಗಮ್ಮನವರು ಎಲ್ಲರೂ ಕೆಂಕೆರೆಯಲ್ಲಿ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ವಾಯ್ಸ್ ಮೆಸೇಜುಗಳಿಗೆ ಒಂದಕ್ಕೂ ಉತ್ತರ ಕೊಡದೆ ಕೂತಿದ್ದಕ್ಕೆ ಮೊದಲು ಬೈದುಕೋ, ಆಮೇಲೆ ಕ್ಷಮಿಸು. ಫೋನಿನಲ್ಲಿ ಮಾತಾಡಲು ಬಾಯೇ ಬರುತ್ತಿಲ್ಲ. ಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಪ್ರತಿ ಸಲ ನಿನ್ನನ್ನು ಎರಡನೇ ಸ್ಥಾನಕ್ಕೆ ತಳ್ಳುತ್ತಿದ್ದವಳಿಗೆ ಈ ಗತಿ ಬಂತಲ್ಲ ಅಂತ ನಗಬೇಡ. ಅದಕ್ಕೇ ಈ ಕಾಗದ.

ಮೊದಲು ನನ್ನ ರೆಕಾರ್ಡಿಂಗ್ ಕೋಣೆಯ ವಿಷಯ, ನೀನು ಇನ್ನೂ ನೋಡಿಲ್ಲವಲ್ಲ. ಅಬ್ಬನ ಟೈಲರ್ ಅಂಗಡಿಯ ಹಿಂದೆ, ಮನೆ ಮಾಲೀಕರು ಕೊಬ್ಬರಿಯಾಗಲಿ ಅಂತ ಅಟ್ಟದ ತುಂಬ ಕಾಯಿ ಹಾಕಿದ್ದಾರಲ್ಲ, ಆ ಅಟ್ಟದ ಕೆಳಗಿನ ಜಾಗ. ಮೊದಲು ಅಲ್ಲಿ ಚಪ್ಪಾಳೆ ತಟ್ಟಿದರೆ ಬಾವಿಯೊಳಗೆ ತಟ್ಟಿದಂತೆ ಕೇಳುತ್ತಿತ್ತು. ಅಬ್ಬ ಅಂಗಡಿಯ ಚೂರು ಬಟ್ಟೆಯನ್ನೆಲ್ಲ ತುಂಬಿ ಹಾಸಿಗೆಯಷ್ಟು ದಪ್ಪ ಪರದೆ ಹೊಲಿದು ಗೋಡೆಗೆಲ್ಲ ತೂಗುಹಾಕಿದರು. ಬಾಗಿಲಿಗೆ ತೆಂಗಿನ ನಾರು ತುಂಬಿದ ಗೋಣಿಚೀಲ. ‘ಪ’, ‘ಬ’ ಅಂದಾಗ ಮೈಕಿಗೆ ಗಾಳಿ ಬಡಿಯುತ್ತದೆ ಅಂದೆ. ಕಸೂತಿ ರಿಂಗಿಗೆ ಲೈನಿಂಗ್ ಬಟ್ಟೆ ಬಿಗಿದು ಮೈಕಿನ ಮುಂದೆ ನಿಲ್ಲಿಸಿಕೊಟ್ಟರು. ಯಾರ ಮದುವೆ ಬಟ್ಟೆಗೂ ಅವರು ಅಷ್ಟು ಮುತುವರ್ಜಿ ವಹಿಸಿದ್ದನ್ನು ನಾನು ನೋಡಿಲ್ಲ. ತೊಂದರೆ ಅಂದರೆ ಅಟ್ಟದ ಇಲಿಗಳದ್ದು. ಸರಿಯಾಗಿ ಕೊನೆಯ ಸಾಲಿಗೆ ಬಂದಾಗ ಒಂದು ಕಾಯಿ ಉರುಳಿಸುತ್ತವೆ, ಹಾಳಾದವು.

ಕೆಲಸ ತರುತ್ತಿದ್ದವರು ಮೋಹನ್ ಕುಮಾರ್, ಪ್ರಚಾರದ ಆಟೋಗಳಿಗೆ ಆಡಿಯೋ ಮಾಡಿಕೊಡುವವರು. ಬರೆದದ್ದನ್ನು ಅಂಗಡಿಯ ಹೆಸರಿಲ್ಲದೆ ಅಬ್ಬನ ಕೈಗೆ ಕೊಟ್ಟುಹೋಗುತ್ತಿದ್ದರು, ನಾನು ಓದಿ ಕಳಿಸುತ್ತಿದ್ದೆ, ಹೆಸರನ್ನು ಆಮೇಲೆ ಅವರೇ ಸೇರಿಸಿಕೊಳ್ಳುತ್ತಿದ್ದರು. ಜವಳಿ ಅಂಗಡಿ, ಗೊಬ್ಬರದಂಗಡಿ, ಕಣ್ಣಿನ ಶಿಬಿರ, ಯಾವುದನ್ನೂ ಬಿಟ್ಟಿಲ್ಲ. ಆದರೆ ನನ್ನ ಹೆಸರು ಮಾತ್ರ ಎಲ್ಲೂ ಕೇಳಲಿಲ್ಲ. ಇನ್ನು ಮೇಲೆ ಫಾಮಿದಾ ಅಂತ ಹೇಳಿಕೊಂಡೇ ಕೆಲಸ ಹಿಡಿಯಬೇಕು ಅನ್ನಿಸಿತು. ಅಬ್ಬ ಬೇಡ ಅಂದರು. ನಾನು ಯಾವತ್ತು ಯಾರ ಮಾತು ಕೇಳಿದ್ದೇನೆ? ಹೊಸ ಸ್ಯಾಂಪಲ್ ಫೋನಿಗೆ ಹಾಕಿಕೊಂಡು ತುರುವೇಕೆರೆ ಬಸ್ ಹತ್ತಿದೆ.

ಅಲ್ಲಿಯ ಜವಳಿ ಅಂಗಡಿಯ ಮಲ್ಲಿಕಾರ್ಜುನಯ್ಯನವರು ಕೆಟ್ಟವರಲ್ಲ ಕಣೇ. ಕೂರಿಸಿ ಕಾಫಿ ತರಿಸಿದರು. ಹೆಸರು ಕೇಳಿದರು, ಹೇಳಿದೆ. ಸ್ಯಾಂಪಲ್ ಕೇಳುವ ಗೋಜಿಗೇ ಹೋಗಲಿಲ್ಲ. ನಿಮ್ಮವರ ಬಾಯಲ್ಲಿ ಕನ್ನಡ ಶುದ್ಧವಾಗಿ ಬರುವುದಿಲ್ಲವಲ್ಲಮ್ಮ ಅಂತ ಮರುಕದಿಂದಲೇ ಹೇಳಿ, ಕನ್ನಡ ಅಂದರೆ ಹೇಗಿರಬೇಕು ಅಂತ ತೋರಿಸಲು ತಮ್ಮ ಅಂಗಡಿಯ ದೀಪಾವಳಿ ಪ್ರಚಾರವನ್ನು ಫೋನಿನಲ್ಲಿ ಹಾಕಿದರು.

ಅದು ನನ್ನ ದನಿ, ಸೌಂದರ್ಯಾ. ಕೊನೆಯಲ್ಲಿ ಅಟ್ಟದ ಕಾಯಿ ಉರುಳಿದ್ದೂ ಕೇಳಿಸಿತು. ಅವರು ಅದನ್ನು ಡೋಲಿನ ಸದ್ದು ಅಂದುಕೊಂಡು ತಲೆದೂಗುತ್ತಿದ್ದರು.

“ಈಯಮ್ಮನ ಹೆಸ್ರು ನಿರ್ಮಲಾ ಅಂತ. ಮೋಹನ್ ಕುಮಾರ್ ಕೈಲಿ ಮಾಡ್ಸಿದ್ದು. ಎಂಥಾ ಕನ್ನಡ ಅಂತೀಯ,” ಅಂದರು.

ಕಾಫಿ ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ಇದು ನಾನೇ ಅಂದೆ. ಅವರು ನಕ್ಕು, ಹಾಗಾದರೆ ಹೇಳಿ ತೋರಿಸು ಅಂದರು. ಎದ್ದು ನಿಂತು ಮೊದಲಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಹೇಳಿದೆ. ಸೀರೆ ಮಡಚುತ್ತಿದ್ದ ಹುಡುಗಿಯರು ಕೈಕೆಲಸ ಬಿಟ್ಟು ಕೇಳಿದರು.

“ಪರ್ವಾಗಿಲ್ಲ ಕಣಮ್ಮ, ಚೆನ್ನಾಗಿ ನಕಲು ಮಾಡ್ತೀಯ,” ಅಂದರು. “ಆದ್ರೂ ನಿರ್ಮಲಮ್ಮನ ಸೊಗಸು ಬರಕಿಲ್ಲ ಬುಡು.”

ಅಲ್ಲಿಂದ ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೋಹನ್ ಕುಮಾರನಿಗೆ ಮನಸ್ಸಿನಲ್ಲೇ ಬೈದ ಬೈಗುಳ ಕೇಳಿದ್ದರೆ ನೀನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಆ ಕೋಣೆಗೆ ಕಾಲಿಟ್ಟಿಲ್ಲ. ಬಾಯಿ ತೆರೆದರೆ ಮಾತಾಡುತ್ತಿರುವುದು ಯಾರು ಅಂತ ನನಗೇ ದಿಗಿಲಾಗುತ್ತದೆ.

ಇರಲಿ. ರಂಗಮ್ಮನವರ ಮಂಡಿನೋವು ಈ ಚಳಿಗೆ ಹೆಚ್ಚಾಗದಿರಲಿ. ಪಾಪು ನೋಡಲು ನಿನ್ನಂತೆ, ಮಾತಿಗೆ ನನ್ನಂತೆ ಆಗಲಿ. ದೇವರು ಅವಳನ್ನು ಸದಾ ನಗುನಗುತ್ತ ಇಟ್ಟಿರಲಿ.

ನಿನ್ನ
ಫಾಮಿದಾ

ತಾ.ಕ.: ಸಹಿ ಹಾಕಿದ ಮೇಲೂ ನಿನ್ನಿಂದ ಮುಚ್ಚಿಡಲು ಮನಸ್ಸಾಗುತ್ತಿಲ್ಲ. ಬಸ್ಸಿಳಿದವಳು ನೇರ ಮೋಹನ್ ಕುಮಾರನ ಜೊತೆ ಜಗಳಕ್ಕೆ ಹೊರಟಿದ್ದೆ. ಅಬ್ಬ ಮಿಷನ್ ನಿಲ್ಲಿಸಿ, ತಲೆ ಎತ್ತದೆ, ಅವನನ್ನು ಬೈಯಬೇಡ ಅಂದರು. ಅಂಗಡಿಯವರಿಗೆಲ್ಲ ನಿಮ್ಮ ಮಗಳ ಹೆಸರೇ ಹೇಳುತ್ತೇನೆ ಅಂತ ಅವನು ಮೊದಲ ದಿನವೇ ಅಂದಿದ್ದನಂತೆ. “ಬೇಡ, ನಿರ್ಮಲಾ ಅನ್ನು ಅಂತ ನಾನೇ ಹೇಳ್ದೆ ಬೇಟಿ. ನಿನ್ ಹೆಸ್ರು ಕೇಳಿದ್ರೆ ಯಾರ್ ಕೆಲ್ಸ ಕೊಡ್ತಾರೆ?” ಅಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಿಂದ ಆಗಲಿಲ್ಲ ಕಣೇ. ಫಾಮಿದಾ ಅಂತ ನನಗೆ ಹೆಸರಿಟ್ಟವರೂ ಅವರೇ.